ಅಯ್ಯನವರು ಬದಲಾದಾಗ ಚರ್ಚ್ ಯಾರ ಕೈಗೆ ಹೋಗುತ್ತೆ?

ಬೀಳ್ಕೊಡುಗೆಯ ಭಾನುವಾರ ಯಾವ ಚರ್ಚಿಗೆ ಹೋದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಡೇ ಸ್ಕೂಲ್ ಮಕ್ಕಳದ್ದೊಂದು ಹಾಡು. ಮಹಿಳಾ ಸಂಘದವರ ಕಣ್ಣೀರು. ಮೂರು ವರ್ಷ ಅಯ್ಯನವರ ಜೊತೆ ಜಗಳ ಆಡಿದ ಹಿರಿಯರೇ ಮೈಕ್ ಹಿಡಿದು ಹದಿನೈದು ನಿಮಿಷ ಹೊಗಳುತ್ತಾರೆ. ಆಮೇಲೆ ಊಟ.

ನಿಜವಾದ ವಿಷಯ ಶುರುವಾಗೋದು ಸೋಮವಾರ. ಬೀಗದ ಕೈ ಯಾರ ಹತ್ತಿರ ಇದೆ? ಚೆಕ್ ಬುಕ್ಕಿಗೆ ಸಹಿ ಮಾಡೋರು ಯಾರು? ಮದುವೆ ರಿಜಿಸ್ಟರ್ ಎಲ್ಲಿದೆ? ಚರ್ಚ್ ಕಟ್ಟಿರುವ ಜಾಗದ ಕ್ರಯಪತ್ರದಲ್ಲಿ ಯಾರ ಹೆಸರಿದೆ? ಈ ನಾಲ್ಕಕ್ಕೂ ಸಲೀಸಾಗಿ ಉತ್ತರ ಸಿಗುವ ಕಡೆ ಹೊಸ ಸಭಾಪಾಲಕರು ಬಂದು ಕೆಲಸ ಶುರು ಮಾಡುತ್ತಾರೆ. ಸಿಗದ ಕಡೆ ಒಂದೋ ಚರ್ಚ್ ಒಡೆಯುತ್ತೆ, ಇಲ್ಲಾ ಒಂದು ಕುಟುಂಬದ ಆಸ್ತಿ ಆಗುತ್ತೆ. ಮಠಗಳ ಉತ್ತರಾಧಿಕಾರ, ಪಕ್ಷಗಳ ಅಪ್ಪ-ಮಕ್ಕಳ ರಾಜಕಾರಣ ಎಲ್ಲದರ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ನಮ್ಮ ಬೀದಿಯ ಚರ್ಚಿನಲ್ಲಿ ನಾಯಕತ್ವ ಹೇಗೆ ಕೈ ಬದಲಾಯಿಸುತ್ತೆ ಅಂತ ಕೇಳಿಕೊಳ್ಳೋದು ಕಡಿಮೆ.

ಕಳಿಸೋರು ಯಾರು, ಕರೆಯೋರು ಯಾರು

ಕರ್ನಾಟಕದ ಎಲ್ಲ ಚರ್ಚುಗಳಿಗೂ ಒಂದೇ ನಿಯಮ ಅಂತ ಇಲ್ಲ.

ಕಥೋಲಿಕರಲ್ಲಿ ವಿಷಯ ನೇರ: ಧರ್ಮಾಧ್ಯಕ್ಷರು ಕಳಿಸುತ್ತಾರೆ, ಫಾದರ್ ಬರುತ್ತಾರೆ. ಜನರ ಮತ ಇಲ್ಲ. 1983ರ ಕ್ಯಾನನ್ ಕಾನೂನಿನಲ್ಲಿ ಇದಕ್ಕೆಲ್ಲ ಬರೆದಿಟ್ಟ ನಿಯಮಗಳಿವೆ. ಧರ್ಮಕೇಂದ್ರದ ಗುರುಗಳು 75 ವರ್ಷ ತುಂಬಿದಾಗ ರಾಜೀನಾಮೆ ಪತ್ರ ಕೊಡಬೇಕೆಂದು ಕೇಳಿಕೊಳ್ಳಲಾಗುತ್ತದೆ. ಒಪ್ಪೋದು ಬಿಡೋದು ಧರ್ಮಾಧ್ಯಕ್ಷರ ನಿರ್ಧಾರ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಮಂಡಳಿ ಇದ್ದರೆ ಅದರ ಮಾತು ಸಲಹೆ ಮಾತ್ರ. ಅಂದ್ರೆ ಜನ ಹೇಳಬಹುದು, ತೀರ್ಮಾನ ಮಾಡೋ ಹಾಗಿಲ್ಲ. ಆದರೂ ಜನ ಸುಮ್ಮನೆ ಇರೋದಿಲ್ಲ. ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ಬರುವ ಗುರುಗಳಿಗೆ ಕನ್ನಡ ಬರುತ್ತಾ, ಪೂಜೆ ಯಾವ ಭಾಷೆಯಲ್ಲಿ ಅನ್ನೋದು ದಶಕಗಳಿಂದ ಉರಿಯುತ್ತಿರುವ ಪ್ರಶ್ನೆ. ಮತ ಇಲ್ಲದ ಕಡೆ ಮನವಿ, ಧರಣಿ, ಕರಪತ್ರ ಆ ಕೆಲಸ ಮಾಡುತ್ತವೆ.

ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ. ಇಲ್ಲಿ ಅರ್ಧ ಪ್ರಜಾಪ್ರಭುತ್ವ ಇದೆ. ದೃಢೀಕರಣ ಪಡೆದ, ಚಂದಾ ಕಟ್ಟಿದ ಸದಸ್ಯರು ಸ್ಥಳೀಯ ಸಮಿತಿಯನ್ನು ಚುನಾಯಿಸುತ್ತಾರೆ. ಬಿಷಪ್ ಹುದ್ದೆಗೂ ಧರ್ಮಪ್ರಾಂತ್ಯದ ಪರಿಷತ್ತು ಕೆಲವು ಹೆಸರುಗಳನ್ನು ಆರಿಸಿ ಸಿನೊಡ್‌ಗೆ ಕಳಿಸುತ್ತದೆ. ಆದರೆ ನಿಮ್ಮ ಚರ್ಚಿಗೆ ಯಾವ ಅಯ್ಯನವರು ಅನ್ನೋದು ವರ್ಗಾವಣೆ ಪಟ್ಟಿಯಲ್ಲಿ ಬರುತ್ತೆ. ಬೀದರ್, ಕಲಬುರಗಿ ಕಡೆ ಗಟ್ಟಿಯಾಗಿರುವ ಮೆಥಡಿಸ್ಟರಲ್ಲೂ ಹಾಗೇ. ವಾರ್ಷಿಕ ಸಮ್ಮೇಳನದ ಕೊನೆಗೆ ಬಿಷಪ್ ನೇಮಕಾತಿಗಳನ್ನು ಓದುತ್ತಾರೆ. ಸರ್ಕಾರಿ ನೌಕರರ ವರ್ಗಾವಣೆಗೆ ಇರುವ ಎಲ್ಲ ರೋಗಗಳೂ ಇಲ್ಲಿಗೆ ಅಂಟಿಕೊಂಡಿವೆ. ನಗರದ ದೊಡ್ಡ ಚರ್ಚು ಬಹುಮಾನ, ಗಡಿ ಹಳ್ಳಿಯ ಚರ್ಚು ಶಿಕ್ಷೆ ಅನ್ನುವ ಗೊಣಗಾಟ ಯಾವ ಧರ್ಮಪ್ರಾಂತ್ಯದಲ್ಲೂ ಕೇಳಿಬರುತ್ತೆ.

ಬ್ಯಾಪ್ಟಿಸ್ಟರಲ್ಲಿ ಸಭೆಯೇ ಪಾಸ್ಟರನ್ನು ಕರೆಯುತ್ತೆ. ಬ್ರೆದರನ್ ಸಭೆಗಳಲ್ಲಿ ಸಾಮಾನ್ಯವಾಗಿ ಸಂಬಳದ ಪಾಸ್ಟರೇ ಇರೋದಿಲ್ಲ, ಹಿರಿಯರ ಗುಂಪು ನಡೆಸುತ್ತೆ.

ಇನ್ನು ಸ್ವತಂತ್ರ ಪೆಂತೆಕೋಸ್ತ್ ಸಭೆಗಳು. ಇಲ್ಲಿ ಕಳಿಸೋರೂ ಇಲ್ಲ, ಕರೆಯೋರೂ ಇಲ್ಲ. ಒಬ್ಬರು ಬಾಡಿಗೆ ಮನೆಯಲ್ಲಿ ನಾಲ್ಕು ಜನರ ಜೊತೆ ಪ್ರಾರ್ಥನೆ ಶುರು ಮಾಡಿರುತ್ತಾರೆ, ಇಪ್ಪತ್ತು ವರ್ಷದಲ್ಲಿ ಅದೇ ಚರ್ಚ್ ಆಗಿರುತ್ತೆ. ಅದರ ಕತೆಗೆ ಆಮೇಲೆ ಬರೋಣ.

ಬೀಗದ ಕೈ ಗೊಂಚಲಿನ ಜೊತೆ

ಹಸ್ತಾಂತರ ಅಂದ್ರೆ ಬೈಬಲ್ ಕೊಟ್ಟು, ಕೈಯಿಟ್ಟು ಪ್ರಾರ್ಥನೆ ಮಾಡೋದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಹತ್ತು ನಿಮಿಷದ ಕೆಲಸ. ಉಳಿದದ್ದೆಲ್ಲ ಕಾಗದ.

ಮೊದಲನೆಯದು ರಿಜಿಸ್ಟರ್‌ಗಳು: ದೀಕ್ಷಾಸ್ನಾನ, ಮದುವೆ, ಸಮಾಧಿ. ಹಳೇ ಚರ್ಚುಗಳಲ್ಲಿ ನೂರು ವರ್ಷ ಮೀರಿದ ಪುಸ್ತಕಗಳಿವೆ. ಯಾರದೋ ಮೊಮ್ಮಗಳು ಪಾಸ್‌ಪೋರ್ಟಿಗೆ, ವೀಸಾಗೆ, ಆಸ್ತಿ ಪಾಲಿಗೆ ಅಜ್ಜಿಯ ಮದುವೆ ದಾಖಲೆ ಕೇಳಿಕೊಂಡು ಬರುತ್ತಾಳೆ. ಪುಸ್ತಕ ಹಳೇ ಪಾಸ್ಟರ ಟ್ರಂಕಿನಲ್ಲಿ ಹೋಗಿದ್ದರೆ ಅವಳ ಕತೆ ಮುಗೀತು. ಜನನ ನೋಂದಣಿ ಇಲ್ಲದ ಕಾಲದ ಬಡ ಕುಟುಂಬಗಳಿಗೆ ಆ ಪುಸ್ತಕದ ಒಂದು ಸಾಲೇ ಗುರುತಿನ ಚೀಟಿ.

ಇದನ್ನು ಬ್ರಿಟಿಷರ ಕಾನೂನು ಆಗಲೇ ಯೋಚಿಸಿತ್ತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಪುಸ್ತಕ ತುಂಬುವ ಮೊದಲೇ ಪಾದ್ರಿ ಆ ಜಿಲ್ಲೆ ಬಿಟ್ಟು ಹೋದರೆ, ಮದುವೆ ರಿಜಿಸ್ಟರನ್ನು ತನ್ನ ಜಾಗಕ್ಕೆ ಬರುವವರಿಗೆ ಒಪ್ಪಿಸಬೇಕು ಅನ್ನೋದು ಅದರಲ್ಲೇ ಇದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಬಿಷಪ್ ಕೈಯಿಂದ ಅಭಿಷೇಕ ಪಡೆದ ಗುರುಗಳು, ಅಂದ್ರೆ ಕಥೋಲಿಕ್ ಫಾದರ್‌ಗಳು, ಸಿಎಸ್‌ಐ ಅಯ್ಯನವರು, ಮದುವೆ ಮಾಡಿಸಲು ಪ್ರತ್ಯೇಕ ಲೈಸೆನ್ಸ್ ಪಡೆಯಬೇಕಿಲ್ಲ. ಸ್ವತಂತ್ರ ಸಭೆಯ ಪಾಸ್ಟರಿಗೆ ಸರ್ಕಾರದ ಲೈಸೆನ್ಸ್ ಬೇಕು. ಆ ಲೈಸೆನ್ಸ್ ವ್ಯಕ್ತಿಗೆ ಕೊಟ್ಟದ್ದು, ಚರ್ಚಿಗೆ ಕೊಟ್ಟದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ ಪೀಠಕ್ಕೆ ಬಂದರೆ ಲೈಸೆನ್ಸ್ ಜೊತೆಗೆ ಬರೋದಿಲ್ಲ. ಹೊಸ ಪಾಸ್ಟರು ಅರ್ಜಿ ಹಾಕದೆ ಮದುವೆ ಮಾಡಿಸಿದರೆ, ಇಕ್ಕಟ್ಟಿಗೆ ಸಿಗೋದು ಪ್ರಮಾಣಪತ್ರ ಹಿಡಿದು ಕಚೇರಿ ಕಚೇರಿ ಅಲೆಯುವ ಹೊಸ ಜೋಡಿ.

ಆಮೇಲೆ ಸಾಮಾನು ಪಟ್ಟಿ. ಕೀಬೋರ್ಡ್, ಸ್ಪೀಕರ್, ಬೆಂಚು, ಬೆಳ್ಳಿಯ ಪಾತ್ರೆ, ಸಮಾಧಿ ಭೂಮಿಯ ನಕ್ಷೆ. ಆಡಳಿತ ವಹಿಸಿಕೊಳ್ಳುವ ಮೊದಲು ಆಸ್ತಿಯ ಪಟ್ಟಿ ಮಾಡಿ ಸಹಿ ಹಾಕಬೇಕು ಅಂತ ಕ್ಯಾನನ್ ಕಾನೂನು ಹೇಳುತ್ತೆ. ಬ್ಯಾಂಕ್ ಖಾತೆಯ ಸಹಿದಾರರ ಬದಲಾವಣೆಗೆ ಸಮಿತಿಯ ಠರಾವು ಬೇಕು. ಸೊಸೈಟಿಯಾಗಿ ನೋಂದಾಯಿಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಕಾರ್ಯಕಾರಿ ಸಮಿತಿಯ ಪಟ್ಟಿ ಸಲ್ಲಿಸಬೇಕು. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ನೋಂದಣಿ ಇದ್ದರೆ ಪದಾಧಿಕಾರಿಗಳು ಬದಲಾದದ್ದನ್ನು ಕೇಂದ್ರ ಗೃಹ ಇಲಾಖೆಗೆ ತಿಳಿಸಬೇಕು. ಬೇಸರದ ಕೆಲಸ, ನಿಜ. ಆದರೆ ಈ ಕೆಲಸ ಅರ್ಧಕ್ಕೆ ಬಿಟ್ಟ ಕಡೆ ಎರಡು ವರ್ಷ ಆದ ಮೇಲೂ ಕರೆಂಟ್ ಬಿಲ್ ಕಟ್ಟೋಕೆ ಹಳೇ ಪಾಸ್ಟರ ಸಹಿಗೆ ಓಡಬೇಕಾಗುತ್ತೆ.

ಒಂದು ಯುದ್ಧ ಮಾಡಿಸಿದ ಹಸ್ತಾಂತರ

ಯಾರೂ ಯೋಜನೆ ಮಾಡದೆ ಆದ ದೊಡ್ಡ ಹಸ್ತಾಂತರ ಒಂದು ನಮ್ಮಲ್ಲೇ ಇದೆ. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರಿನಲ್ಲಿ. ಅಲ್ಲಿಂದ ಧಾರವಾಡ, ಹುಬ್ಬಳ್ಳಿವರೆಗೂ ಸಭೆ, ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಕಟ್ಟಿದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ ಕ್ರೈಸ್ತರಾಗಿ ಹರ್ಮನ್ ಕೌಂಡಿನ್ಯ ಆದರು, ಬಾಸೆಲ್‌ನಲ್ಲಿ ಓದಿ 1851ರಲ್ಲಿ ಅಭಿಷೇಕ ಪಡೆದರು. ಸ್ಥಳೀಯ ಪಾದ್ರಿಗಳು ಹೀಗೆ ಬೆಳೆದರೂ ಹಣ, ಆಸ್ತಿ, ಕೊನೆಯ ಮಾತು ಮಿಷನರಿಗಳ ಕೈಯಲ್ಲೇ ಇತ್ತು.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಎಂಬತ್ತು ವರ್ಷ ಬೇರೆಯವರ ನೆರಳಲ್ಲಿದ್ದ ಸಭೆಗಳು ಕೆಲವೇ ವರ್ಷಗಳಲ್ಲಿ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ನಿಂತವು. ಪಾಠ ಕಲಿಸಿ ಸಿದ್ಧ ಮಾಡಿದ್ದ ಉಪದೇಶಿಗಳು, ಹಿರಿಯರು ಊರೂರಲ್ಲಿ ಇದ್ದದ್ದಕ್ಕೆ ನಿಂತವು. ಕಾರ್ಖಾನೆ ಮಾತ್ರ ಕೈ ಬಿಟ್ಟು ಹೋಯಿತು. ಅದರ ಮಾಲೀಕತ್ವದಲ್ಲಿ ಸಭೆಯ ಜನಕ್ಕೆ ಯಾವತ್ತೂ ಪಾಲಿರಲಿಲ್ಲ.

ಸಿಎಸ್‌ಐ ಹುಟ್ಟುವ ಹೊತ್ತಿಗೆ ಆಸ್ತಿಗೆ ಬೇರೆ ದಾರಿ ಹುಡುಕಿದರು. ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಅನ್ನುವ ಕಂಪನಿ ನೋಂದಣಿಯಾದದ್ದು ಸಭೆ ಉದ್ಘಾಟನೆಯಾಗುವ ಒಂದು ದಿನ ಮುಂಚೆ. ಜಾಗ ಅದರ ಹೆಸರಲ್ಲಿದ್ದರೆ ಅಯ್ಯನವರು ಮನಸ್ಸು ಮಾಡಿದರೂ ಚರ್ಚನ್ನು ಮಗನಿಗೆ ಬರೆದುಕೊಡೋಕೆ ಆಗೋದಿಲ್ಲ. ಹಾಗಂತ ಅಲ್ಲಿ ಭೂಮಿ ಮಾರಾಟದ ಜಗಳಗಳಿಲ್ಲ ಅಂತಲ್ಲ. ಜಗಳ ಮೇಲಿನ ಮಟ್ಟಕ್ಕೆ ಹೋಗಿದೆ, ಅಷ್ಟೇ.

ಸ್ಥಾಪಕರ ಚರ್ಚ್, ಮಗನ ಚರ್ಚ್

ಈಗ ಸ್ವತಂತ್ರ ಸಭೆಗಳ ಕತೆ. ಇಲ್ಲಿ ನಾಯಕತ್ವ ಅಪ್ಪನಿಂದ ಮಗನಿಗೆ ಹೋಗೋದು ಎಷ್ಟು ಸಾಮಾನ್ಯ ಅಂದ್ರೆ ಯಾರೂ ಹುಬ್ಬೇರಿಸೋದಿಲ್ಲ. ಬೈಬಲ್ಲನ್ನು ಸರಿಯಾಗಿ ಓದಿದವರು ಮಾತ್ರ ಹುಬ್ಬೇರಿಸಬೇಕು. ಮೋಶೆ ಜನರೆಲ್ಲರ ಎದುರು ಕೈಯಿಟ್ಟು ನೇಮಿಸಿದ್ದು ತನ್ನ ಮಕ್ಕಳನ್ನಲ್ಲ, ಯೆಹೋಶುವನನ್ನು. ಸಮುವೇಲ ತನ್ನ ಮಕ್ಕಳನ್ನು ನ್ಯಾಯಾಧಿಪತಿಗಳಾಗಿ ಮಾಡಿದ. ಅವರು ಲಂಚ ತಿಂದರು, ಜನ ರೊಚ್ಚಿಗೆದ್ದು ರಾಜ ಬೇಕು ಅಂದರು. ಈ ಭಾಗದ ಮೇಲೆ ಪ್ರಸಂಗ ಕೇಳೋದು ಅಪರೂಪ, ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಇದನ್ನೆಲ್ಲ ಪಾಸ್ಟರ ದುರಾಸೆ ಅಂತ ತಳ್ಳಿಹಾಕೋದು ಸುಲಭದ ತೀರ್ಪು. ಸ್ವಲ್ಪ ಲೆಕ್ಕ ನೋಡಿ.

ಆ ಪಾಸ್ಟರಿಗೆ ಪಿಂಚಣಿ ಇಲ್ಲ, ಭವಿಷ್ಯ ನಿಧಿ ಇಲ್ಲ. ಮನೆ ಮೇಲಿನ ಮಹಡಿ, ಚರ್ಚ್ ಕೆಳಗೆ. ಪೀಠ ಬಿಟ್ಟರೆ ಮನೆಯನ್ನೂ ಬಿಡಬೇಕು. ಆರಂಭದಲ್ಲಿ ಪಾಸ್ಟರಮ್ಮ ಒಡವೆ ಮಾರಿ ಸೈಟಿಗೆ ಮುಂಗಡ ಕೊಟ್ಟಿರುತ್ತಾರೆ, ಆಮೇಲೆ ಸಭೆಯವರ ದಶಮಾಂಶದಲ್ಲಿ ಗೋಡೆ ಎದ್ದಿರುತ್ತೆ. ಯಾವ ಇಟ್ಟಿಗೆ ಯಾರದು ಅಂತ ಹೇಗೆ ಬೇರೆ ಮಾಡೋದು? ಅರವತ್ತೈದು ದಾಟಿದ ಮನುಷ್ಯ ಬಿಟ್ಟುಕೊಡು ಅಂದರೆ ಎಲ್ಲಿಗೆ ಹೋಗಬೇಕು? ಸಭೆಗಳು ನಿವೃತ್ತಿಯ ಮಾತೆತ್ತುವ ಮೊದಲು ನಿವೃತ್ತಿಯ ಖರ್ಚಿನ ಮಾತೆತ್ತಬೇಕು ಅನ್ನೋದು ನನ್ನ ಅಭಿಪ್ರಾಯ. ಹತ್ತು ವರ್ಷ ಮೊದಲೇ.

ಎರಡನೆಯದು ಕಾನೂನು. ಸೈಟು ಪಾಸ್ಟರ ಸ್ವಂತ ಹೆಸರಲ್ಲಿದ್ದು ಅವರು ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂರನೇ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಇಪ್ಪತ್ತು ವರ್ಷ ಕಾಣಿಕೆ ಹಾಕಿದ ಸಭೆಗೆ ಕಾಗದದ ಮೇಲೆ ಏನೂ ಇಲ್ಲ. ಬದುಕಿರುವಾಗಲೇ ಅವರು ಮಗನಿಗೆ ದಾನಪತ್ರ ಮಾಡಿದರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಸಣ್ಣ ಮೊತ್ತ. ಅದೇ ಸೈಟನ್ನು ಸಭೆಯ ಟ್ರಸ್ಟಿಗೆ ದಾನ ಮಾಡಿದರೆ ಮಾರುಕಟ್ಟೆ ಬೆಲೆಯ ಮೇಲೆ ಕ್ರಯದ ದರದಲ್ಲಿ ಶುಲ್ಕ. ಅಂದ್ರೆ ಸರಿಯಾದ ಕೆಲಸ ಮಾಡೋಕೆ ಹೊರಟವರಿಗೇ ಲಕ್ಷಗಟ್ಟಲೆ ಖರ್ಚು, ವಂಶಪಾರಂಪರ್ಯಕ್ಕೆ ರಿಯಾಯಿತಿ.

ಮೂರನೆಯದು ಭಯ. ಇದನ್ನು ಮಾತಾಡದೆ ಸಣ್ಣ ಚರ್ಚುಗಳ ಬಗ್ಗೆ ಬರೆದರೆ ಅದು ಅರ್ಧ ಸತ್ಯ. 2021ರಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ, ಮಿಷನರಿಗಳ ಸಮೀಕ್ಷೆಗೆ ಸೂಚಿಸಿತು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ಬಹಿರಂಗವಾಗಿ ವಿರೋಧಿಸಿದರು. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಮತಾಂತರ ಆಗುವವರು ಮಾತ್ರವಲ್ಲ, ಮಾಡಿಸುವವರೂ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅನ್ನೋದು ಅದರ ಷರತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಭಯ ಸಂಪುಟದ ತೀರ್ಮಾನಕ್ಕೆ ಕಾಯೋದಿಲ್ಲ. ದೀಕ್ಷಾಸ್ನಾನದ ರಿಜಿಸ್ಟರ್ ನಾಳೆ ಠಾಣೆಯಲ್ಲಿ ಸಾಕ್ಷಿ ಆಗಬಹುದು ಅನ್ನಿಸಿದರೆ ಯಾರು ಬರೆದಿಡುತ್ತಾರೆ? ಪ್ರಾರ್ಥನಾ ಮಂದಿರ ಅಂತ ಅರ್ಜಿ ಹಾಕಿದರೆ ಅನುಮತಿ ಸಿಗೋದಿಲ್ಲ ಅಂತ ಗೊತ್ತಿದ್ದಾಗ ವಾಸದ ಮನೆ ಅಂತ ಒಬ್ಬರ ಹೆಸರಲ್ಲಿ ನೋಂದಾಯಿಸುತ್ತಾರೆ. ಸದಸ್ಯರ ಪಟ್ಟಿ ಇಲ್ಲದ ಕಡೆ ಮತ ಹಾಕೋರು ಯಾರು? ನಡಾವಳಿ ಪುಸ್ತಕ ಇಲ್ಲದ ಕಡೆ ಲೆಕ್ಕ ಕೇಳೋರು ಯಾರು? ಹೊರಗಿನ ಕಣ್ಗಾವಲು ಜಾಸ್ತಿ ಆದಷ್ಟೂ ಒಳಗಿನ ಪ್ರಜಾಪ್ರಭುತ್ವ ಬಡವಾಗುತ್ತೆ, ಎಲ್ಲವೂ ಒಬ್ಬ ಮನುಷ್ಯನ ತಲೆಯಲ್ಲಿ, ಒಬ್ಬ ಮನುಷ್ಯನ ಹೆಸರಲ್ಲಿ ಬಂದು ಕೂರುತ್ತೆ. ಆ ಮನುಷ್ಯ ಹೋದ ದಿನ ಸಭೆಯ ಕೈಯಲ್ಲಿ ಏನೂ ಉಳಿದಿರೋದಿಲ್ಲ.

ಇದಕ್ಕೆ ಜಾತಿಯನ್ನೂ ಸೇರಿಸಿ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯಾಗಿ ಉಳಿಯೋದಿಲ್ಲ; ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ 1ಕ್ಕೆ ಬರುತ್ತಾರೆ. 2025ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಹತ್ತು ವರ್ಷದಿಂದ ಪಾಸ್ಟರ್ ಆಗಿದ್ದವರೊಬ್ಬರು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳುವಂತಿಲ್ಲ ಅಂದಿತು. ಪಾಸ್ಟರ್ ಅನ್ನುವ ಕೆಲಸವೇ ಅವರ ವಿರುದ್ಧದ ಸಾಕ್ಷಿಯಾಯಿತು. ಈಗ ದಲಿತ ಕೇರಿಯ ಒಂದು ಸಭೆಯಲ್ಲಿ ಓದಿದ, ಮಾತು ಬಲ್ಲ, ಎಲ್ಲರೂ ಒಪ್ಪುವ ಹುಡುಗಿ ಅಥವಾ ಹುಡುಗ ಇದ್ದಾರೆ ಅಂತಿಟ್ಟುಕೊಳ್ಳಿ. ಮುಂದಾಳತ್ವ ವಹಿಸಿಕೊಳ್ಳಿ ಅಂದರೆ ಅವರು ಎರಡು ಸಲ ಯೋಚಿಸುತ್ತಾರೆ. ಹೆಸರು ಟ್ರಸ್ಟ್ ಪತ್ರದಲ್ಲಿ ಬಂದರೆ ಪ್ರಮಾಣಪತ್ರ, ಸ್ಕಾಲರ್‌ಶಿಪ್, ನೌಕರಿ ಎಲ್ಲ ಪ್ರಶ್ನೆಯಾಗುತ್ತೆ. ಕಳೆದುಕೊಳ್ಳೋಕೆ ಇನ್ನೇನೂ ಉಳಿದಿಲ್ಲದ ಪಾಸ್ಟರ ಮಗನೇ ಕೊನೆಗೆ ಮುಂದೆ ಬರುತ್ತಾನೆ.

ಪಾಸ್ಟರಮ್ಮನ ಮಾತೂ ಇದೆ. ಮನೆಮನೆ ತಿರುಗಿ, ಹೆಣ್ಣುಮಕ್ಕಳ ಕಷ್ಟ ಕೇಳಿ, ಸಭೆಯನ್ನು ಹಿಡಿದಿಟ್ಟವರು ಬಹಳ ಕಡೆ ಅವರೇ. ಸಿಎಸ್‌ಐನಲ್ಲಿ ಮಹಿಳೆಯರಿಗೆ ಅಭಿಷೇಕ ಇದೆ, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಸಣ್ಣ ಸಭೆಗಳಲ್ಲಿ ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಅವರೇ ಪ್ರಸಂಗ ಮಾಡಿದರೂ ಎಲ್ಲರ ಕಣ್ಣು ಮಗನೋ ಅಳಿಯನೋ ಯಾವಾಗ ಬರ್ತಾನೆ ಅಂತ ಬಾಗಿಲ ಕಡೆಗೇ ಇರುತ್ತೆ.

ಕೋರ್ಟಿಗೆ ಹೋದರೆ

ಹೋಗಬಹುದು. ಸೊಸೈಟಿಯಾಗಿದ್ದರೆ ಮೂರನೇ ಒಂದು ಭಾಗದಷ್ಟು ಸದಸ್ಯರು ಸೇರಿ ರಿಜಿಸ್ಟ್ರಾರ್ ಬಳಿ ವಿಚಾರಣೆ ಕೇಳಬಹುದು. ಸಾರ್ವಜನಿಕ ಟ್ರಸ್ಟ್ ಆಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಹಿತಾಸಕ್ತಿ ಇರುವ ಇಬ್ಬರು, ಕೋರ್ಟಿನ ಅನುಮತಿ ಪಡೆದು ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯಿರಿ ಅನ್ನಬಹುದು. ಎರಡೂ ಅಲ್ಲದೆ ಬರೀ ಪಾಸ್ಟರ ಮನೆಯಾಗಿದ್ದರೆ ಹೊರಟು ಹೋಗಿ ಇನ್ನೊಂದು ಬಾಡಿಗೆ ಮನೆ ಹುಡುಕೋದೇ ದಾರಿ. ನಮ್ಮ ನಗರಗಳ ಅಂಚಿನಲ್ಲಿ ಒಂದೇ ರಸ್ತೆಯಲ್ಲಿ ಮೂರು ಪ್ರಾರ್ಥನಾ ಮನೆ ಕಾಣಿಸೋದರ ಹಿಂದೆ ಇಂಥ ಕತೆಗಳೂ ಇವೆ.

ಕೋರ್ಟ್ ಕೊಡೋದು ತೀರ್ಪು, ಸಮಾಧಾನ ಅಲ್ಲ. ಕೇರಳದ ಮಲಂಕರ ಸಭೆಯ ಜಗಳದ ಮೂಲದಲ್ಲಿ ಇರೋದೂ ಇದೇ ಪ್ರಶ್ನೆ: ಹಳ್ಳಿಯ ಚರ್ಚಿಗೆ ಪಾದ್ರಿಯನ್ನು ಕಳಿಸುವ ಹಕ್ಕು ಯಾರದು? ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಪಂಗಡಗಳ ನಡುವೆ ಇದು ತಲೆಮಾರುಗಳ ವ್ಯಾಜ್ಯ. 2017ರ ಜುಲೈ 3ರಂದು ಸುಪ್ರೀಂ ಕೋರ್ಟ್, 1934ರ ಸಂವಿಧಾನದ ಪ್ರಕಾರವೇ ಆಡಳಿತ ನಡೆಯಬೇಕು ಅಂದಿತು. ಆಮೇಲೆ ಏನಾಯಿತು? ಚರ್ಚುಗಳ ಬಾಗಿಲಲ್ಲಿ ಪೊಲೀಸರು, ಒಳಗೆ ಕೂತು ಅಳುವ ಅಜ್ಜಿಯರು. ಯಾರ ಪಾದ್ರಿ ಅನ್ನುವ ಜಗಳ ಸಮಾಧಿವರೆಗೂ ಹೋಗಿ, ಹೆಣ ಹೂಳುವ ಹಕ್ಕಿಗಾಗಿಯೇ ಕೇರಳ ಸರ್ಕಾರ 2020ರಲ್ಲಿ ಪ್ರತ್ಯೇಕ ಕಾನೂನು ತರಬೇಕಾಯಿತು. ಸಿಎಸ್‌ಐನಲ್ಲೂ ಬಿಷಪ್‌ಗಳ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ 2022ರ ತಿದ್ದುಪಡಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. ಮೂರು ವರ್ಷದ ಕುರ್ಚಿಯ ಅವಧಿ ಎಷ್ಟು ದೊಡ್ಡದು ಅಂತ ಅಲ್ಲಿ ಗೊತ್ತಾಗುತ್ತೆ.

ಹೋದವರು ಹೋಗದೇ ಇದ್ದರೆ

ಕಾಗದವೆಲ್ಲ ಸರಿ ಇದ್ದು, ಜಾಗ ಟ್ರಸ್ಟಿನ ಹೆಸರಲ್ಲಿದ್ದು, ಹೊಸಬರು ಬಂದು ಕೂತ ಮೇಲೂ ಒಂದು ತೊಡಕು ಉಳಿಯುತ್ತೆ. ಹಳೇ ಅಯ್ಯನವರು ಅದೇ ಊರಲ್ಲಿ ಮನೆ ಮಾಡಿದ್ದಾರೆ. ಮೂವತ್ತು ವರ್ಷದ ಪರಿಚಯ. ಮಗಳ ಮದುವೆಗೆ ಅವರೇ ಬೇಕು, ಅಪ್ಪನ ಅಂತ್ಯಸಂಸ್ಕಾರಕ್ಕೆ ಅವರೇ ಬೇಕು. ಸಮಿತಿಯ ತೀರ್ಮಾನ ಇಷ್ಟ ಆಗದವರು ಸಂಜೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಹೊಸಬರು ಕೀಬೋರ್ಡ್ ಜಾಗ ಬದಲಾಯಿಸಿದರೂ ಸುದ್ದಿ ಅಲ್ಲಿಗೆ ಮುಟ್ಟುತ್ತೆ.

ಹಳೇ ಸಭೆಗಳಲ್ಲಿ ಇದಕ್ಕೊಂದು ರೂಢಿ ಇದೆ. ನಿವೃತ್ತರಾದವರು ತಮ್ಮ ಹಿಂದಿನ ಸಭೆಯಲ್ಲಿ ಯಾವ ಸಂಸ್ಕಾರವನ್ನೂ ಹೊಸ ಸಭಾಪಾಲಕರು ಕರೆಯದೆ ಮಾಡೋದಿಲ್ಲ. ಕುಟುಂಬದವರು ಬಂದು ಕೇಳಿದರೆ, "ಮೊದಲು ನಿಮ್ಮ ಅಯ್ಯನವರ ಹತ್ತಿರ ಮಾತಾಡಿ" ಅಂತ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸಿದ ಸುದ್ದಿ ಊರಲ್ಲಿ ಹರಡೋಕೆ ಒಂದು ದಿನ ಸಾಕು. ಹೊಸಬರನ್ನು "ನಮ್ಮ ಅಯ್ಯನವರು" ಅಂತ ಜನ ಕರೆಯೋಕೆ ಶುರು ಮಾಡೋದು ಆಗ.